ಡಾಕ್ಟರ ಮೇಜಿನ ಮೇಲೊಂದು ಮೈಕ್: ಎಐ ನೋಟ್ಸ್ ಸಾಧನವನ್ನು ಕ್ಲಿನಿಕ್‌ಗೆ ಹುಷಾರಾಗಿ ತರುವುದು ಹೇಗೆ

ರೋಗಿ ಎದುರಿಗೆ ಕೂತು ಕಷ್ಟ ಹೇಳಿಕೊಳ್ಳುತ್ತಿರುತ್ತಾರೆ. ಡಾಕ್ಟರು ಪರದೆ ನೋಡುತ್ತಾ ಟೈಪ್ ಮಾಡುತ್ತಿರುತ್ತಾರೆ. ಇಬ್ಬರಿಗೂ ಇದು ಹಿಡಿಸುವುದಿಲ್ಲ, ಆದರೂ ದಿನಾ ನಡೆಯುತ್ತದೆ. ಅಮೆರಿಕದ ಕುಟುಂಬ ವೈದ್ಯರ ಬಗ್ಗೆ 2017ರಲ್ಲಿ ಬಂದ ಒಂದು ಅಧ್ಯಯನ ಇದಕ್ಕೆ ಲೆಕ್ಕ ಕೊಟ್ಟಿತ್ತು. 11.4 ಗಂಟೆಯ ದುಡಿಮೆಯಲ್ಲಿ 5.9 ಗಂಟೆ ಕಂಪ್ಯೂಟರಿನ ರೋಗಿ ದಾಖಲೆಗೇ ಹೋಗುತ್ತಿತ್ತು. ಅದರಲ್ಲಿ 1.4 ಗಂಟೆ ಕ್ಲಿನಿಕ್ ಮುಗಿದ ಮೇಲಿನದು.

ಹೀಗಿರುವಾಗ "ನೀವು ಮಾತಾಡಿ, ನೋಟ್ಸ್ ನಾನು ಬರೀತೀನಿ" ಅನ್ನುವ ಸಾಫ್ಟ್‌ವೇರ್ ಬಂದರೆ ಯಾರಿಗೆ ಬೇಡ? ನನಗೂ ಬೇಕಿತ್ತು. ತಂದೆವು. ಮೊದಲ ವಾರ ಖುಷಿಯೋ ಖುಷಿ. ಎರಡನೇ ವಾರ ಒಬ್ಬರ ನೋಟ್ಸ್‌ನಲ್ಲಿ "ಹೊಟ್ಟೆ ಮೆತ್ತಗಿದೆ, ಒತ್ತಿದರೆ ನೋವಿಲ್ಲ" ಎಂದಿತ್ತು. ಆ ದಿನ ನಾನು ಅವರ ಹೊಟ್ಟೆ ಮುಟ್ಟಿಯೇ ಇರಲಿಲ್ಲ. ಅವರು ಬಂದಿದ್ದು ಕಿವಿ ನೋವಿಗೆ. ವಾಕ್ಯ ಮಾತ್ರ ಅಚ್ಚುಕಟ್ಟಾಗಿತ್ತು, ನಾನೇ ಬರೆದ ಹಾಗೆ. ಸಹಿ ಹಾಕಲು ಬೆರಳು ಹೋಗಿತ್ತು, ಹೇಗೋ ನಿಂತಿತು.

ಈ ಸಾಧನಗಳ ಅಪಾಯ ಇರುವುದು ಇಲ್ಲೇ. ಗೀಚಿದ ಕೈಬರಹ ಕಂಡರೆ ನಾವು ತಾನಾಗಿ ನಿಂತು ಮತ್ತೆ ಓದುತ್ತೇವೆ. ಚೆನ್ನಾಗಿ ಬರೆದ ತಪ್ಪಿನ ಮುಂದೆ ಯಾರೂ ನಿಲ್ಲುವುದಿಲ್ಲ. ಕೆಳಗಿನ ಹಂತಗಳೆಲ್ಲ ಹೇಗಾದರೂ ಮಾಡಿ ನಮ್ಮನ್ನು ಅಲ್ಲಿ ನಿಲ್ಲಿಸುವುದಕ್ಕೆ.

ಮೊದಲು ಇದು ಕೆಲಸ ಮಾಡುವ ಬಗೆ

ಹಳೆಯ ಡಿಕ್ಟೇಷನ್ ಸಾಫ್ಟ್‌ವೇರ್ ನೀವು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತಿತ್ತು. ಹೊಸ ಸಾಧನ ಕೋಣೆಯ ಮಾತುಕತೆ ಪೂರ್ತಿ ಕೇಳಿಸಿಕೊಂಡು ತಾನೇ ಸಾರಾಂಶ ಬರೆಯುತ್ತದೆ. ಒಳಗೆ ಎರಡು ಕೆಲಸ ನಡೆಯುತ್ತವೆ. ಒಂದು ಭಾಗ ಧ್ವನಿಯನ್ನು ಅಕ್ಷರಕ್ಕೆ ಇಳಿಸುತ್ತದೆ. ಇನ್ನೊಂದು ಭಾಗ, ಅಂದರೆ ರಾಶಿ ಬರಹ ಓದಿ ವಾಕ್ಯ ಕಟ್ಟಲು ಕಲಿತ ಭಾಷಾ ಮಾದರಿ ಎಂಬ ಎಐ, ಆ ಅಕ್ಷರಗಳಿಂದ ನೋಟ್ಸ್ ಕಟ್ಟುತ್ತದೆ. ತಪ್ಪು ಎರಡೂ ಕಡೆ ಆಗಬಹುದು. ಕಿವಿ ತಪ್ಪು ಕೇಳಿಸಿಕೊಳ್ಳಬಹುದು. ಕಿವಿ ಸರಿಯಾಗಿದ್ದರೂ ಕೈ ತಪ್ಪು ಬರೆಯಬಹುದು.

ಕಿವಿಯ ತಪ್ಪಿಗೆ ಒಂದು ಉದಾಹರಣೆ. ಓಪನ್‌ಎಐ ಕಂಪನಿಯ ವಿಸ್ಪರ್ ಎಂಬ ಧ್ವನಿ ಗುರುತಿಸುವ ಮಾದರಿಯನ್ನು ಸಂಶೋಧಕರು ಪರೀಕ್ಷಿಸಿ 2024ರಲ್ಲಿ ಫಲಿತಾಂಶ ಹೊರತಂದರು. ಸುಮಾರು ಶೇ 1ರಷ್ಟು ಧ್ವನಿ ತುಣುಕುಗಳಲ್ಲಿ ಯಾರೂ ಆಡದ ಮಾತನ್ನು ಅದು ಪೂರ್ತಿ ವಾಕ್ಯವಾಗಿ ಸೇರಿಸಿತ್ತು. ಹಾಗೆ ಸೇರಿಸಿದ್ದರಲ್ಲಿ ಶೇ 38ರಷ್ಟು ಹಾನಿ ತರುವಂಥದ್ದು. ಮಾತಿನ ನಡುವೆ ಮೌನ ಜಾಸ್ತಿ ಇದ್ದಾಗ ಹೀಗಾಗುವುದೂ ಜಾಸ್ತಿ ಎಂದು ಅವರು ಕಂಡುಕೊಂಡರು. ತಡವರಿಸಿ ಮಾತಾಡುವವರು, ಪಾರ್ಶ್ವವಾಯು ಆಗಿ ಮಾತು ಕಷ್ಟವಾದವರು, ಅಳು ನುಂಗಿಕೊಂಡು ಸುಮ್ಮನೆ ಕೂತವರು. ಡಾಕ್ಟರ ಕೋಣೆಯಲ್ಲಿ ಮೌನಕ್ಕೆ ಬರವಿಲ್ಲ, ಅಲ್ವಾ?

ಕೈಯ ತಪ್ಪಿನ ಉದಾಹರಣೆ ಕ್ಯಾಲಿಫೋರ್ನಿಯಾದಿಂದ. ಅಲ್ಲಿನ ಪರ್ಮನೆಂಟೆ ಮೆಡಿಕಲ್ ಗ್ರೂಪ್ ಎಂಬ ವೈದ್ಯರ ದೊಡ್ಡ ಸಂಸ್ಥೆ 2023ರ ಅಕ್ಟೋಬರಿನಲ್ಲಿ ಈ ಬಗೆಯ ಸಾಧನ ತಂದಿತು. 10 ವಾರದಲ್ಲಿ 3,442 ವೈದ್ಯರು 3,03,266 ಭೇಟಿಗಳಲ್ಲಿ ಬಳಸಿದರು. ಹೆಚ್ಚಿನವರಿಗೆ ಹಿಡಿಸಿತು. ಆದರೆ ಪ್ರಾಸ್ಟೇಟ್ ಪರೀಕ್ಷೆಗೆ ಇನ್ನೊಂದು ದಿನ ಗೊತ್ತು ಮಾಡೋಣ ಎಂದು ವೈದ್ಯರು ಹೇಳಿದ್ದನ್ನು, ಪರೀಕ್ಷೆ ಆಗಿಹೋಗಿದೆ ಎಂದು ಸಾಧನ ಬರೆದ ಒಂದು ಪ್ರಸಂಗವನ್ನೂ ಅವರು ಮುಚ್ಚಿಡದೆ ವರದಿ ಮಾಡಿದರು. ಇನ್ನೊಂದರಲ್ಲಿ ಕೈ, ಕಾಲು, ಬಾಯಿಯ ತೊಂದರೆಗಳನ್ನು ಬೇರೆಬೇರೆಯಾಗಿ ಮಾತಾಡಿದ್ದರು. ಸಾಧನ ಎಲ್ಲ ಸೇರಿಸಿ, ಮಕ್ಕಳಿಗೆ ಬರುವ ಕೈ-ಕಾಲು-ಬಾಯಿ ರೋಗ ಎಂದು ಹೆಸರಿಟ್ಟಿತ್ತು! ಇಲ್ಲಿ ಕಿವಿಯ ತಪ್ಪು ಏನೂ ಇಲ್ಲ. ಕೇಳಿಸಿಕೊಂಡಿದ್ದೆಲ್ಲ ಸರಿ.

1. ಯಾವ ನೋವಿಗೆ ಈ ಔಷಧ?

ಸಾಧನ ನೋಡುವ ಮೊದಲು ನಿಮ್ಮ ತೊಂದರೆಯನ್ನು ಒಂದು ಸಾಲಿನಲ್ಲಿ ಬರೆದುಕೊಳ್ಳಿ. ಸಂಜೆ ಮನೆಗೆ ಹೋಗಿ ನೋಟ್ಸ್ ಬರೆಯುವುದು ತಪ್ಪಬೇಕೇ? ರೋಗಿಯ ಮುಖ ನೋಡಿ ಮಾತಾಡಬೇಕೇ? ನೋಟ್ಸ್ ಅರೆಬರೆ ಇರುವುದು ಸರಿಹೋಗಬೇಕೇ? ಇನ್ನೂ ನಾಲ್ಕು ರೋಗಿಗಳನ್ನು ನೋಡುವ ಆಸೆ ಇದ್ದರೆ ಅದನ್ನೂ ಮುಚ್ಚುಮರೆ ಇಲ್ಲದೆ ಬರೆಯಿರಿ. ಆದರೆ ಎಚ್ಚರ. ಉಳಿದ ಸಮಯವನ್ನೆಲ್ಲ ಹೊಸ ಅಪಾಯಿಂಟ್‌ಮೆಂಟ್‌ಗೆ ತುಂಬಿದರೆ ನೋಟ್ಸ್ ಓದಿ ತಿದ್ದುವ ಸಮಯ ಎಲ್ಲಿಂದ ಬರಬೇಕು?

ನಂತರ ಎರಡು ವಾರ ಸುಮ್ನೆ ಅಳೆಯಿರಿ. ದಿನದ ಕೊನೆಗೆ ಎಷ್ಟು ನೋಟ್ಸ್ ಬಾಕಿ, ಎಷ್ಟು ಗಂಟೆಗೆ ಮುಗಿಯಿತು, ಅಷ್ಟು ಸಾಕು. ಈ ಲೆಕ್ಕ ಇಲ್ಲದಿದ್ದರೆ ಮೂರು ತಿಂಗಳ ನಂತರ "ಏನೋ ಪರವಾಗಿಲ್ಲ ಅನ್ಸುತ್ತೆ" ಎಂಬುದರ ಮೇಲೆಯೇ ವರ್ಷದ ಚಂದಾ ಕಟ್ಟುತ್ತೀರಿ.

2. ಕಂಪನಿಯನ್ನು ಕೂರಿಸಿ ಕೇಳಿ

ಡೆಮೊ ಯಾವಾಗಲೂ ಚೆನ್ನಾಗಿಯೇ ಇರುತ್ತದೆ. ನಿಶ್ಶಬ್ದ ಕೋಣೆ, ಸ್ಪಷ್ಟ ದನಿ, ಒಂದೇ ಕಾಯಿಲೆ. ಅದನ್ನು ನೋಡಿ ತಲೆದೂಗಿ, ಆಮೇಲೆ ಈ ಪ್ರಶ್ನೆಗಳನ್ನು ಕೇಳಿ. ಉತ್ತರ ಬಾಯಲ್ಲಿ ಬೇಡ, ಕಾಗದದಲ್ಲಿ ಬೇಕು.

ಧ್ವನಿ ಎಲ್ಲಿಗೆ ಹೋಗುತ್ತದೆ? ಯಾವ ದೇಶದ ಸರ್ವರಿನಲ್ಲಿ, ಎಷ್ಟು ದಿನ ಇರುತ್ತದೆ? ಅಕ್ಷರಕ್ಕಿಳಿಸಿದ ಪ್ರತಿ ಎಷ್ಟು ದಿನ? "ಧ್ವನಿ ಉಳಿಸಿಕೊಳ್ಳುವುದಿಲ್ಲ" ಎಂದು ಹೇಳಿ ಅಕ್ಷರದ ಪ್ರತಿಯನ್ನು ವರ್ಷಗಟ್ಟಲೆ ಇಟ್ಟುಕೊಂಡರೆ ಗುಟ್ಟು ಉಳಿದ ಹಾಗಾಗಲಿಲ್ಲ. ನಮ್ಮ ರೋಗಿಗಳ ಮಾತಿನಿಂದ ನಿಮ್ಮ ಮಾದರಿಗೆ ತರಬೇತಿ ಕೊಡುತ್ತೀರಾ? "ಹೆಸರು ತೆಗೆದು ಬಳಸುತ್ತೇವೆ" ಎಂದರೆ ಹೇಗೆ ತೆಗೆಯುತ್ತೀರಿ ಎಂದು ಕೇಳಿ. ಅಪರೂಪದ ಕಾಯಿಲೆ, ಅಪರೂಪದ ಉದ್ಯೋಗ, ಮಕ್ಕಳೆಷ್ಟು ಎಂಬ ಮಾತು, ಇಷ್ಟು ಸಿಕ್ಕರೆ ಹೆಸರಿಲ್ಲದೆಯೂ ಆಳು ಗೊತ್ತಾಗುತ್ತಾರೆ. ನಿಮ್ಮ ಹಿಂದೆ ಇನ್ನು ಯಾವ ಕಂಪನಿಗಳ ಸೇವೆ ಇದೆ? ಸಾಮಾನ್ಯವಾಗಿ ಇದ್ದೇ ಇರುತ್ತದೆ. ಮುಖ ಒಬ್ಬರದು, ಭಾಷಾ ಮಾದರಿ ಇನ್ನೊಬ್ಬರದು, ಸರ್ವರ್ ಮತ್ತೊಬ್ಬರದು.

ಮಾದರಿ ಬದಲಾಯಿಸಿದಾಗ ನಮಗೆ ಮೊದಲೇ ತಿಳಿಸುತ್ತೀರಾ? ನೋಟ್ಸ್‌ನ ಒಂದು ವಾಕ್ಯ ಒತ್ತಿದರೆ ಅದು ಮಾತುಕತೆಯ ಯಾವ ಜಾಗದಿಂದ ಬಂತು ಎಂದು ತೋರಿಸುತ್ತದೆಯೇ? ಇದು ಇದ್ದರೆ ಪರಿಶೀಲನೆ ಅರ್ಧ ಸುಲಭ. ನನ್ನ ಮಟ್ಟಿಗೆ ಬೇರೆ ಹತ್ತು ಸೌಲಭ್ಯಕ್ಕಿಂತ ಇದೊಂದು ಜಾಸ್ತಿ. ಕರಡು ಯಾವುದು, ಡಾಕ್ಟರ್ ತಿದ್ದಿದ್ದು ಯಾವುದು, ಸಹಿ ಯಾವಾಗ ಆಯಿತು ಎಂಬ ದಾಖಲೆ ಉಳಿಯುತ್ತದೆಯೇ? ನಾಳೆ ನಾವು ಬಿಟ್ಟರೆ, ಅಥವಾ ನೀವೇ ಅಂಗಡಿ ಮುಚ್ಚಿದರೆ, ನಮ್ಮ ಮಾಹಿತಿ ಏನಾಗುತ್ತದೆ?

ಒಂದು ಮಾತು ಖಂಡಿತ. ಫೋನಿನಲ್ಲಿರುವ ಪುಕ್ಕಟೆ ಚಾಟ್‌ಬಾಟ್‌ಗೆ ರೋಗಿಯ ಮಾತು ಕೇಳಿಸಿ "ನೋಟ್ಸ್ ಮಾಡಿಕೊಡು" ಎನ್ನಬೇಡಿ. ಒಪ್ಪಂದ ಇಲ್ಲ, ಅಳಿಸುವ ಖಾತ್ರಿ ಇಲ್ಲ, ಏನಾದರೂ ಆದರೆ ಕೇಳಲು ಯಾರೂ ಇಲ್ಲ. ಸಿಬ್ಬಂದಿಯಲ್ಲಿ ಯಾರೋ ಈಗಾಗಲೇ ಗುಟ್ಟಾಗಿ ಹೀಗೆ ಮಾಡುತ್ತಿರಬಹುದು. ಬೈಯದೆ ಕೇಳಿ. ಬೈದರೆ ನಿಲ್ಲುವುದಿಲ್ಲ, ಇನ್ನೂ ಗುಟ್ಟಾಗುತ್ತದೆ.

3. ಕಾನೂನು, ವಿಮೆ

ಇದನ್ನು ಬೇಗ ಮುಗಿಸೋಣ, ಆದರೆ ಬಿಡುವ ಹಾಗಿಲ್ಲ. ನೀವಿರುವ ಜಾಗದ ಮಾಹಿತಿ ರಕ್ಷಣೆಯ ಕಾನೂನು ನೋಡಿ. ಯುರೋಪಿನಲ್ಲಿ ಜಿಡಿಪಿಆರ್, ಅಮೆರಿಕದಲ್ಲಿ ಹಿಪಾ, ಭಾರತದಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ. ಮಾತು ರೆಕಾರ್ಡ್ ಮಾಡಲು ಯಾರ ಯಾರ ಒಪ್ಪಿಗೆ ಬೇಕು ಎಂಬ ನಿಯಮವೂ ಜಾಗದಿಂದ ಜಾಗಕ್ಕೆ ಬೇರೆ. ನಿಮ್ಮ ವೃತ್ತಿ ವಿಮೆ ಕೊಡುವವರಿಗೆ ಬರೆದು, ಈ ಸಾಧನ ಬಳಸಿದರೆ ರಕ್ಷಣೆ ಇದೆಯೇ ಎಂದು ಉತ್ತರ ತರಿಸಿಕೊಳ್ಳಿ.

ಒಂದು ಗೆರೆ ಮಾತ್ರ ಚೆನ್ನಾಗಿ ನೆನಪಿಡಿ. ಕೇಳಿದ್ದನ್ನು ಬರೆಯುವ ಸಾಧನ ಬೇರೆ. ರೋಗ ಯಾವುದಿರಬಹುದು, ಯಾವ ಮಾತ್ರೆ ಕೊಡಬಹುದು ಎಂದು ಸೂಚಿಸುವ ಸಾಧನ ಬೇರೆ. ಎರಡನೆಯದು ಹಲವು ದೇಶಗಳಲ್ಲಿ ವೈದ್ಯಕೀಯ ಸಲಕರಣೆಯ ನಿಯಮಕ್ಕೆ ಬರುತ್ತದೆ. ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ 2025ರ ಏಪ್ರಿಲ್‌ನಲ್ಲಿ ಕೊಟ್ಟ ಮಾರ್ಗಸೂಚಿ ಇನ್ನೂ ಬಿಗಿ. ಭಾಷಾ ಮಾದರಿಯಿಂದ ಸಾರಾಂಶ ಬರೆಯುವುದೇ ಆ ನಿಯಮದ ಕೆಳಗೆ ಬರಬಹುದು ಎಂದು ಅದು ಎಚ್ಚರಿಸುತ್ತದೆ. ಮಾರಾಟಗಾರರು "ಇದು ಸುಮ್ನೆ ನೋಟ್ಸ್ ಆಪ್" ಎಂದರೆ ಅಷ್ಟಕ್ಕೇ ನಂಬಬೇಡಿ.

4. ಎಲ್ಲಿ ಎಡವುತ್ತದೆ ಎಂದು ಮೊದಲೇ ಪಟ್ಟಿ ಮಾಡಿ

ಡಾಕ್ಟರು, ನರ್ಸ್, ರಿಸೆಪ್ಷನ್‌ನವರು ಎಲ್ಲರೂ ಒಂದು ಗಂಟೆ ಕೂತು "ಏನೇನು ಕೆಡಬಹುದು?" ಎಂದು ಮಾತಾಡಿ. ರಿಸೆಪ್ಷನ್‌ನವರನ್ನು ಬಿಡಬೇಡಿ. ರೋಗಿ ಹೊರಗೆ ಬಂದು ಏನು ಗೊಣಗುತ್ತಾರೆ ಎಂಬುದು ಅವರಿಗೇ ಗೊತ್ತು. ನಮ್ಮ ಪಟ್ಟಿಯಲ್ಲಿ ಮೇಲೆ ಬಂದವು ಇವು.

"ಇಲ್ಲ" ಬಿದ್ದುಹೋಗುವುದು. ಕನ್ನಡದಲ್ಲಿ ಇದು ವಿಶೇಷ ತಾಪತ್ರಯ. ನಮ್ಮ ಇಲ್ಲ ಬರುವುದು ವಾಕ್ಯದ ಕೊನೆಗೆ. ಅಲ್ಲಿಗೆ ಬರುವಷ್ಟರಲ್ಲಿ ದನಿ ಇಳಿದಿರುತ್ತದೆ. "ಎದೆನೋವು, ಉಸಿರು ಕಟ್ಟೋದು, ಅದೆಲ್ಲ ಏನೂ ಇಲ್ಲ" ಎಂದಾಗ ಕೊನೆಯ ಎರಡು ಪದ ಮೈಕಿಗೆ ಸಿಗದಿದ್ದರೆ ನೋಟ್ಸ್‌ನಲ್ಲಿ ಎದೆನೋವೂ ಇದೆ, ಉಸಿರುಕಟ್ಟುವುದೂ ಇದೆ. ಉಲ್ಟಾ ಆಗುವುದೂ ಉಂಟು. ಅದು ಇನ್ನೂ ಕೆಟ್ಟದ್ದು.

ಮಾತು ಒಂದು ಭಾಷೆ, ನೋಟ್ಸ್ ಇನ್ನೊಂದು ಭಾಷೆ. "ಎದೇಲಿ ಒಂಥರಾ ಸಂಕಟ" ಎಂದು ರೋಗಿ ಹೇಳುತ್ತಾರೆ. ಅದು ವಾಕರಿಕೆಯೋ, ಉರಿಯೋ, ನೋವೋ, ಮನಸ್ಸಿನ ಬೇಗುದಿಯೋ? ನಾವಾದರೆ "ಸಂಕಟ ಅಂದ್ರೆ ಹೇಗೆ?" ಎಂದು ಕೇಳುತ್ತೇವೆ. ಸಾಧನ ಕೇಳುವುದಿಲ್ಲ. ಇಂಗ್ಲಿಷಿನ ಒಂದು ಪದ ಆರಿಸಿ ಮುಂದೆ ಹೋಗುತ್ತದೆ. ಸುಸ್ತು, ತಲೆ ಸುತ್ತು, ಮೈ ಭಾರ, ಇವೆಲ್ಲಕ್ಕೂ ಇದೇ ಗತಿ. ನಾನು ಈಗ ಇಂಥ ಪದಗಳನ್ನು ರೋಗಿ ಹೇಳಿದ ಹಾಗೇ ಉಲ್ಲೇಖ ಚಿಹ್ನೆ ಹಾಕಿ ನೋಟ್ಸ್‌ನಲ್ಲಿ ಉಳಿಸುತ್ತೇನೆ.

ಔಷಧದ ಹೆಸರು ಮತ್ತು ಅಂಕಿ. ಹೈಡ್ರಲಜೀನ್ ರಕ್ತದೊತ್ತಡಕ್ಕೆ, ಹೈಡ್ರಾಕ್ಸಿಜೀನ್ ತುರಿಕೆಗೆ. ಕ್ಲೊನಿಡಿನ್ ರಕ್ತದೊತ್ತಡಕ್ಕೆ, ಕ್ಲೊನಜೆಪಾಮ್ ಫಿಟ್ಸ್‌ಗೆ ಮತ್ತು ಆತಂಕಕ್ಕೆ. ಮನುಷ್ಯರ ಕಿವಿಯೇ ಇವುಗಳಲ್ಲಿ ಜಾರುತ್ತದೆ. ಇಂಗ್ಲಿಷಿನಲ್ಲಿ ಹೇಳಿದ ಫಿಫ್ಟೀನ್ ಮತ್ತು ಫಿಫ್ಟಿ ಕೂಡ ಹಾಗೆಯೇ. ಡೋಸ್‌ನಲ್ಲಿ ಒಂದು ದಶಾಂಶ ಚುಕ್ಕಿ ಜಾರಿದರೆ ಹತ್ತು ಪಟ್ಟು.

ಯಾರ ಮಾತು ಯಾರದ್ದು? ಜತೆಗೆ ಬಂದ ಮಗಳು "ನನಗೆ ಪೆನಿಸಿಲಿನ್ ಆಗಲ್ಲ" ಎಂದಳು. ಅದು ಅಮ್ಮನ ಅಲರ್ಜಿಯಾಗಿ ದಾಖಲಾಯಿತು. ಅಪ್ಪನ ಸಕ್ಕರೆ ಕಾಯಿಲೆ ಮಗನದ್ದಾಯಿತು. ಎಡ, ಬಲ ಅದಲುಬದಲು. ಇದೇ ಸಾಲಿಗೆ ಸೇರುವ ದೊಡ್ಡ ಅನಾಹುತ ಇನ್ನೊಂದು: ಹಿಂದಿನ ರೋಗಿಯ ರೆಕಾರ್ಡಿಂಗ್ ನಿಲ್ಲಿಸದೆ ಮುಂದಿನವರನ್ನು ಕರೆಯುವುದು. ಇಬ್ಬರ ಕಥೆ ಒಂದೇ ಫೈಲಿಗೆ.

ಮಾಡದ ಪರೀಕ್ಷೆ. ನನ್ನ ಕಿವಿ ನೋವಿನ ರೋಗಿಯ ಹೊಟ್ಟೆ ನೆನಪಿದೆಯಲ್ಲ? ಮಾದರಿ ಸಾವಿರಾರು ನೋಟ್ಸ್ ಓದಿ ಬೆಳೆದಿದೆ. ಅವುಗಳಲ್ಲಿ ಈ ಜಾಗದಲ್ಲಿ ಇಂಥ ವಾಕ್ಯ ಇರುತ್ತದೆ. ಹಾಗಾಗಿ ಜಾಗ ಖಾಲಿ ಬಿಡುವುದು ಅದಕ್ಕೆ ಕಷ್ಟ.

ಬಿಟ್ಟುಹೋಗಿದ್ದು. ಇದನ್ನು ಹಿಡಿಯುವುದು ಎಲ್ಲಕ್ಕಿಂತ ಕಷ್ಟ. ಸೇರಿಸಿದ ತಪ್ಪು ಕಣ್ಣಿಗೆ ಬೀಳುತ್ತದೆ. ಇಲ್ಲದ್ದು ಹೇಗೆ ಕಾಣಬೇಕು? ಬಾಗಿಲ ಹತ್ತಿರ ಹೋಗಿ ತಿರುಗಿ ನಿಂತು "ಅಂದ ಹಾಗೆ ಡಾಕ್ಟ್ರೇ, ಮಲದಲ್ಲಿ ಸ್ವಲ್ಪ ರಕ್ತ ಕಾಣ್ತಾ ಇದೆ" ಎನ್ನುವವರು ಇದ್ದೇ ಇದ್ದಾರೆ. ಅಷ್ಟರಲ್ಲಿ ರೆಕಾರ್ಡಿಂಗ್ ನಿಲ್ಲಿಸಿದ್ದರೆ ಆ ಭೇಟಿಯ ಅತಿ ಮುಖ್ಯ ಮಾತೇ ನೋಟ್ಸ್‌ನಲ್ಲಿಲ್ಲ.

5. ನಾಟಕ ಆಡಿ ಪರೀಕ್ಷಿಸಿ

ನಿಜವಾದ ರೋಗಿ ಬರುವ ಮೊದಲು ಸಿಬ್ಬಂದಿಯೇ ರೋಗಿಗಳಾಗಲಿ. ಹತ್ತು ಹನ್ನೆರಡು ಸಂಭಾಷಣೆ ಬರೆದುಕೊಳ್ಳಿ. ಪ್ರತಿಯೊಂದರಲ್ಲಿ ಒಂದೆರಡು ಬಲೆ ಬಚ್ಚಿಡಿ. ಒಂದರಲ್ಲಿ ರೋಗಿ ಮೊದಲು ಎಡ ಮೊಣಕಾಲು ಎಂದು ಹೇಳಿ ಆಮೇಲೆ "ಅಲ್ಲಲ್ಲ, ಬಲ" ಎನ್ನಲಿ. ಒಂದರಲ್ಲಿ ಮಗು ಜೋರಾಗಿ ಅಳಲಿ. ಒಂದರಲ್ಲಿ ಮಾಸ್ಕ್ ಹಾಕಿ ಮೆಲ್ಲಗೆ ಮಾತಾಡಲಿ. ಒಂದರಲ್ಲಿ ಕನ್ನಡ, ಇಂಗ್ಲಿಷ್ ಕಲಸುಮೇಲೋಗರ ಆಗಲಿ. ಒಂದರಲ್ಲಿ ಡಾಕ್ಟರು "ಈ ಮಾತ್ರೆ ಕೊಡೋಣ" ಎಂದು ಶುರು ಮಾಡಿ, ಕಿಡ್ನಿ ರಿಪೋರ್ಟ್ ನೋಡಿ "ಬೇಡ, ಇದು ಬೇಡ" ಎಂದು ಬದಲಾಯಿಸಲಿ. ಒಂದರಲ್ಲಿ ಅರ್ಧ ನಿಮಿಷ ಯಾರೂ ಮಾತಾಡಬೇಡಿ, ಮೌನದಲ್ಲಿ ಅದು ಏನು ಹುಟ್ಟಿಸುತ್ತದೆ ನೋಡಿ.

ಎಷ್ಟು ಬಲೆಗೆ ಬಿತ್ತು ಎಂದು ಬರೆದಿಡಿ. ಈ ಸಂಭಾಷಣೆಗಳನ್ನು ಬಿಸಾಡಬೇಡಿ, ಮುಂದೆ ಮತ್ತೆ ಬೇಕು. ಹಾಂ, ಇದು ನಗುವಿನ ಮಧ್ಯಾಹ್ನ ಆಗುತ್ತದೆ. ಆದರೆ ಸಾಧನ ತಪ್ಪುವುದನ್ನು ಕಣ್ಣಾರೆ ಕಂಡವರು ಆಮೇಲೆ ಕಣ್ಣು ಮುಚ್ಚಿ ಸಹಿ ಹಾಕುವುದಿಲ್ಲ. ತರಬೇತಿ ಅಂತ ಬೇರೆ ಮಾಡುವುದಾದರೂ ಏನು?

6. ರೋಗಿಯನ್ನು ಕೇಳುವುದು

ಗೋಡೆಯ ಮೇಲೆ ನೋಟಿಸ್ ಅಂಟಿಸಿದರೆ ಒಪ್ಪಿಗೆ ಸಿಕ್ಕ ಹಾಗಲ್ಲ. ಮೈಕ್ ಹಾಕುವ ಮೊದಲು ಬಾಯಿಬಿಟ್ಟು ಕೇಳಿ. ನಾನು ಹೇಳುವುದು ಇಷ್ಟು: "ನಾನು ಟೈಪ್ ಮಾಡೋ ಬದಲು ಒಂದು ಕಂಪ್ಯೂಟರ್ ಸಾಧನ ನಮ್ಮ ಮಾತು ಕೇಳಿಸ್ಕೊಂಡು ನೋಟ್ಸ್ ಬರೆಯುತ್ತೆ. ಅದನ್ನ ನಾನು ಓದಿ ಸರಿ ಮಾಡ್ತೀನಿ. ಧ್ವನಿ ಇಷ್ಟು ದಿನ ಆದ್ಮೇಲೆ ಅಳಿಸಿಹೋಗುತ್ತೆ. ಬೇಡ ಅಂದ್ರೆ ಪರವಾಗಿಲ್ಲ, ಮಾಮೂಲಿ ಹಾಗೆ ನಾನೇ ಬರೀತೀನಿ. ಮಧ್ಯದಲ್ಲಿ ನಿಲ್ಲಿಸಿ ಅಂದ್ರೂ ನಿಲ್ಲಿಸ್ತೀನಿ." ಇಪ್ಪತ್ತು ಸೆಕೆಂಡು ಆಗುತ್ತದೆ.

"ಬೇಡ" ಎಂದು ಹೇಳುವುದು ನಿಜಕ್ಕೂ ಸುಲಭವಾಗಿರಬೇಕು. ಡಾಕ್ಟರು ಕೇಳಿದರೆ ಹೆಚ್ಚಿನವರು ಸಂಕೋಚಕ್ಕೇ ಹೂಂ ಅಂದುಬಿಡುತ್ತಾರೆ. ಅವರ ಮುಖ ನೋಡಿ. ಹೂಂ ಎನ್ನುತ್ತಾ ಮೈಕಿನ ಕಡೆಯೇ ಕಣ್ಣು ಹೋಗುತ್ತಿದ್ದರೆ ಆ ಹೂಂಗೆ ಬೆಲೆ ಕೊಡಬೇಡಿ, ಆಫ್ ಮಾಡಿ. ಬೇಡವೆಂದವರು ಪ್ರತಿ ಸಲ ಹೇಳಬೇಕಾಗಬಾರದು, ದಾಖಲೆಯಲ್ಲಿ ಗುರುತು ಹಾಕಿಡಿ. ಜತೆಗೆ ಬಂದವರನ್ನೂ ಕೇಳಿ, ಅವರ ದನಿಯೂ ಒಳಗೆ ಹೋಗುತ್ತದೆ.

ಕೆಲವು ಮಾತಿಗೆ ನಾವೇ ಮೊದಲು ಮೈಕ್ ಆಫ್ ಮಾಡುವುದು ಒಳ್ಳೆಯದು. ಮನೆಯಲ್ಲಿ ಹೊಡೆತ, ಲೈಂಗಿಕ ದೌರ್ಜನ್ಯ, ಆತ್ಮಹತ್ಯೆಯ ಯೋಚನೆ, ಹದಿಹರೆಯದವರ ಗುಟ್ಟಿನ ಮಾತು. ಇಂಥ ನೋಟ್ಸ್‌ನಲ್ಲಿ ಒಂದೊಂದು ಪದವನ್ನೂ ತೂಗಿ ಬರೆಯಬೇಕು. ಆ ದಾಖಲೆಯನ್ನು ಮುಂದೆ ಯಾರು ಓದಬಹುದು ಎಂದು ಯೋಚಿಸುವ ಕೆಲಸ ಸಾಧನದ್ದಲ್ಲ.

7. ಮೈಕಿಗೆ ಕೇಳಿಸದ್ದನ್ನು ಕೇಳಿಸುವುದು

ಡಾಕ್ಟರ ನೋಟ್ಸ್‌ನಲ್ಲಿ ಸಾಮಾನ್ಯವಾಗಿ ನಾಲ್ಕು ಭಾಗ. ರೋಗಿ ಹೇಳಿದ್ದು, ಡಾಕ್ಟರ್ ಕಂಡಿದ್ದು, ಡಾಕ್ಟರ್ ಅಂದುಕೊಂಡಿದ್ದು, ಮುಂದೆ ಮಾಡುವುದು. ಅಮೆರಿಕದ ವೈದ್ಯ ಲಾರೆನ್ಸ್ ವೀಡ್ 1960ರ ದಶಕದಲ್ಲಿ ರೂಢಿಗೆ ತಂದ ಕ್ರಮ ಇದು. ಈಗ ಇದನ್ನು ಮೈಕಿನ ಜಾಗದಲ್ಲಿ ನಿಂತು ನೋಡಿ. ಮೊದಲ ಭಾಗ ಚೆನ್ನಾಗಿ ಕೇಳಿಸುತ್ತದೆ. ಕೊನೆಯದು ಮುಕ್ಕಾಲು ಕೇಳಿಸುತ್ತದೆ. ಎರಡನೆಯದು ನಡೆಯುವುದು ಕೈ, ಕಣ್ಣು, ಸ್ಟೆತಾಸ್ಕೋಪಿನಲ್ಲಿ. ಮೂರನೆಯದು ತಲೆಯೊಳಗೆ. ಮೈಕಿಗೆ ಇವೆರಡೂ ಕತ್ತಲೆ. ಕತ್ತಲೆ ಇದ್ದ ಕಡೆಯೇ ಅದು ಊಹಿಸುತ್ತದೆ.

ಆದ್ದರಿಂದ ಪರೀಕ್ಷೆ ಮಾಡುವಾಗ ಕಂಡಿದ್ದನ್ನು ಬಾಯಿಬಿಟ್ಟು ಹೇಳುವ ಅಭ್ಯಾಸ ಮಾಡಿಕೊಳ್ಳಿ. "ಬಲಗಿವಿ ಒಳಗೆ ಕೆಂಪಾಗಿದೆ, ಪರದೆ ಉಬ್ಬಿದೆ. ಎಡಗಿವಿ ಸರಿ ಇದೆ." ರೋಗಿಗೂ ಇದು ಹಿಡಿಸುತ್ತದೆ, ತನ್ನ ಮೈಯಲ್ಲಿ ಏನಾಗುತ್ತಿದೆ ಎಂದು ಗೊತ್ತಾಗುತ್ತದೆ. ಗಾಬರಿ ಹುಟ್ಟಿಸುವಂಥದ್ದು ಕೈಗೆ ಸಿಕ್ಕರೆ, ಸ್ತನದಲ್ಲಿ ಗಂಟು ಅಂತಿಟ್ಟುಕೊಳ್ಳಿ, ಮೈಕಿಗೋಸ್ಕರ ಅದನ್ನು ಥಟ್ಟನೆ ಹೇಳಬೇಡಿ. ಮೊದಲು ರೋಗಿ ಎದ್ದು ಕೂರಲಿ, ಬಟ್ಟೆ ಸರಿ ಮಾಡಿಕೊಳ್ಳಲಿ. ಆಮೇಲೆ ಅವರಿಗೆ ಹೇಗೆ ಹೇಳಬೇಕೋ ಹಾಗೆ ಹೇಳಿ. ನೋಟ್ಸ್‌ಗೆ ಆ ಸಾಲನ್ನು ಕೈಯಲ್ಲೇ ಬರೆಯಿರಿ.

ಅಂದುಕೊಂಡಿದ್ದನ್ನು ಬರೆಯುವ ಕೆಲಸವನ್ನೂ ನಾನು ಸಾಧನಕ್ಕೆ ಬಿಟ್ಟಿಲ್ಲ. ಇದು ನನ್ನ ಹಟ ಎಂದೇ ತಿಳಿಯಿರಿ. ಯಾವ ಕಾಯಿಲೆ ಅನ್ನಿಸಿತು, ಯಾವುದು ಅಲ್ಲ ಅನ್ನಿಸಿತು, ಯಾಕೆ, ಈ ಎರಡು ಮೂರು ಸಾಲು ನಾನೇ ಟೈಪ್ ಮಾಡುತ್ತೇನೆ. ಬರೆಯುವಾಗಲೇ ಎಷ್ಟೋ ಸಲ ಯೋಚನೆ ತಿಳಿಯಾಗುತ್ತದೆ. "ಅರೆ, ಇದು ಯಾಕೆ ಹೊಂದುತ್ತಿಲ್ಲ?" ಎನ್ನಿಸಿ ರೋಗಿಯನ್ನು ಬಾಗಿಲಿನಿಂದ ವಾಪಸ್ ಕರೆದದ್ದಿದೆ. ಕಲಿಯುತ್ತಿರುವ ಕಿರಿಯ ವೈದ್ಯರಂತೂ ಮೊದಲ ತಿಂಗಳುಗಳಲ್ಲಿ ಪೂರ್ತಿ ನೋಟ್ಸ್ ತಾವೇ ಬರೆಯಲಿ.

ಭೇಟಿಯ ಕೊನೆಗೆ ಅರ್ಧ ನಿಮಿಷ ಎಲ್ಲವನ್ನೂ ಒಮ್ಮೆ ಹೇಳಿ. "ಹಾಗಾದ್ರೆ ಅಮಾಕ್ಸಿಸಿಲಿನ್ 500 ಮಿಲಿಗ್ರಾಂ, ದಿನಕ್ಕೆ ಮೂರು ಸಲ, ಐದು ದಿನ. ನಿಮಗೆ ಪೆನಿಸಿಲಿನ್ ಅಲರ್ಜಿ ಇಲ್ಲ ಅಂದ್ರಿ, ಸರಿ ತಾನೆ? ಎರಡು ದಿನದಲ್ಲಿ ಕಮ್ಮಿ ಆಗ್ಲಿಲ್ಲ ಅಂದ್ರೆ ಬನ್ನಿ." ಸಾಧನಕ್ಕೆ ಸ್ಪಷ್ಟ ಮಾತು ಸಿಕ್ಕಿತು, ರೋಗಿಗೂ ತಪ್ಪು ತಿದ್ದುವ ಅವಕಾಶ ಸಿಕ್ಕಿತು. ರೆಕಾರ್ಡಿಂಗ್ ನಿಲ್ಲಿಸುವುದು ಅವರು ಬಾಗಿಲು ದಾಟಿದ ಮೇಲೆ.

8. ಓದುವುದು

ಎಲ್ಲಕ್ಕಿಂತ ಜಾಸ್ತಿ ಗಮನ ಇಲ್ಲಿ ಬೇಕು. ಮನುಷ್ಯರ ಸ್ವಭಾವವೇ ಹೀಗೆ. ಯಂತ್ರ ನಲವತ್ತು ಸಲ ಸರಿ ಬರೆದರೆ ನಲವತ್ತೊಂದನೆಯದನ್ನು ನಾವು ಓದುವುದಿಲ್ಲ, ಕಣ್ಣಾಡಿಸುತ್ತೇವೆ. ಸಾಧನ ಸುಧಾರಿಸಿದಷ್ಟೂ ಈ ಉದಾಸೀನ ಹೆಚ್ಚುತ್ತದೆ. ಹುಷಾರಾಗಿರಿ ಎಂದು ನಮಗೆ ನಾವೇ ಹೇಳಿಕೊಂಡರೆ ಸಾಲದು. ಒಂದೆರಡು ಉಪಾಯ ಬೇಕು.

ಮೊದಲ ಉಪಾಯ: ಕರಡು ತೆರೆಯುವ ಮೊದಲು ಒಂದು ಚೀಟಿಯಲ್ಲಿ ಮೂರು ವಿಷಯ ಗೀಚಿಕೊಳ್ಳಿ. ಮುಖ್ಯ ತೊಂದರೆ, ನಾನು ಕೊಟ್ಟ ಔಷಧ, ಬಿಟ್ಟುಹೋಗಬಾರದ ಒಂದು ಮಾತು. ಆಮೇಲೆ ಕರಡು ತೆರೆದು ಈ ಮೂರು ಇವೆಯೇ ನೋಡಿ. ಬಿಟ್ಟುಹೋಗಿದ್ದನ್ನು ಹಿಡಿಯಲು ನನಗೆ ಸಿಕ್ಕ ದಾರಿ ಇದೊಂದೇ. ಕರಡು ಮೊದಲು ಓದಿದರೆ ನೆನಪೇ ಕರಡಿನ ಹಾಗೆ ಬದಲಾಗಿಬಿಡುತ್ತದೆ.

ಎರಡನೆಯದು: ಕೆಳಗಿನಿಂದ ಮೇಲಕ್ಕೆ ಓದಿ. ಮುಂದೆ ಮಾಡುವುದು, ಔಷಧ, ಡೋಸ್, ಅಲರ್ಜಿ ಮೊದಲು. ನಂತರ ಪರೀಕ್ಷೆಯ ಭಾಗ. ಪ್ರತಿ ಸಾಲಿಗೂ "ಇದನ್ನು ನಾನು ಮಾಡಿದೆನಾ?" ಎಂದು ಕೇಳಿಕೊಳ್ಳಿ. ಆಮೇಲೆ ಇಲ್ಲ, ಅಲ್ಲ, ಎಡ, ಬಲ, ಅಂಕಿಗಳು. ರೋಗಿಯ ಕಥೆ ಕೊನೆಗೆ. ಮೇಲಿನಿಂದ ಓದಿದರೆ ಕಥೆ ಓದುವ ಹೊತ್ತಿಗೆ ಸುಸ್ತಾಗಿ, ಡೋಸ್ ಬರುವಾಗ ಕಣ್ಣು ಜಾರಿರುತ್ತದೆ.

ಮೂರನೆಯದು: ಮುಂದಿನ ರೋಗಿಯನ್ನು ಕರೆಯುವ ಮೊದಲೇ ಮುಗಿಸಿ. ಸಂಜೆ ಇಪ್ಪತ್ತೈದು ಕರಡು ಒಟ್ಟಿಗೆ ಓದುತ್ತೇನೆ ಎಂದರೆ, ಆ ಹೊತ್ತಿಗೆ ಯಾರ ಮೊಣಕಾಲು ಯಾವುದು ಎಂದು ನಿಮಗೇ ನೆನಪಿರುವುದಿಲ್ಲ. ಎಲ್ಲಕ್ಕೂ ಒಟ್ಟಿಗೆ ಸಹಿ ಹಾಕುವ ಗುಂಡಿ ನಿಮ್ಮ ಸಾಧನದಲ್ಲಿದ್ದರೆ ಕಂಪನಿಗೆ ಹೇಳಿ ತೆಗೆಸಿಹಾಕಿ.

ಕತ್ತರಿಯನ್ನೂ ಹಿಡಿಯಿರಿ. ಸಾಧನ ಉದ್ದುದ್ದ ಬರೆಯುತ್ತದೆ. ರೋಗಿ ಮೊಮ್ಮಗನ ಪರೀಕ್ಷೆಯ ಬಗ್ಗೆ ಆಡಿದ ಮಾತು, ಪಕ್ಕದ ಮನೆಯವರ ಸುದ್ದಿ ಎಲ್ಲ ದಾಖಲೆಯಲ್ಲಿ ಬೇಕಿಲ್ಲ. ಎರಡು ಪುಟದ ನೋಟ್ಸ್ ಬರೆದರೆ ರಾತ್ರಿ ತುರ್ತಿನಲ್ಲಿ ನೋಡುವ ಇನ್ನೊಬ್ಬ ಡಾಕ್ಟರಿಗೆ ಬೇಕಾದ ಒಂದು ಸಾಲು ಸಿಗುವುದಿಲ್ಲ.

9. ಚಿಕ್ಕದಾಗಿ ಶುರು, ಲೆಕ್ಕ ಇಟ್ಟು ಮುಂದುವರಿಕೆ

ಇಬ್ಬರು ಮೂವರು ಇಷ್ಟಪಟ್ಟು ಬಂದವರಿಂದ ಶುರು ಮಾಡಿ. ಅವರಲ್ಲಿ ಒಬ್ಬರು ಅನುಮಾನದ ಪ್ರಾಣಿ ಆಗಿರಲಿ, ಸೂಕ್ಷ್ಮ ತಪ್ಪುಗಳನ್ನು ಹಿಡಿಯುವುದು ಅವರೇ. ಮೊದಲ ವಾರ ಕೆಮ್ಮು, ನೆಗಡಿ, ಮೊಣಕಾಲು ನೋವಿನಂಥ ಸರಳ ಭೇಟಿಗಳಿಗೆ ಮಾತ್ರ ಬಳಸಿ. ಅಪಾಯಿಂಟ್‌ಮೆಂಟ್ ಸಂಖ್ಯೆ ಹೆಚ್ಚಿಸಬೇಡಿ. ಸಾಧ್ಯವಾದರೆ ಕಮ್ಮಿ ಮಾಡಿ.

ವಾರಕ್ಕೆ ಹತ್ತು ನೋಟ್ಸ್ ಆರಿಸಿ, ಸಹೋದ್ಯೋಗಿಯೊಬ್ಬರು ಮಾತಿನ ಪ್ರತಿಯ ಪಕ್ಕದಲ್ಲಿಟ್ಟು ಹೋಲಿಸಲಿ. ತಪ್ಪುಗಳನ್ನು ಒಂದು ಹಾಳೆಯಲ್ಲಿ ಬರೆಯಿರಿ: ಸೇರಿಸಿದ್ದು, ಬಿಟ್ಟಿದ್ದು, ತಿರುಚಿದ್ದು. ಸಹಿಗೆ ಮೊದಲು ಸಿಕ್ಕಿತೇ, ನಂತರವೇ ಎಂಬುದನ್ನೂ ಬರೆಯಿರಿ. ಯಾವ ರೋಗಿಗಳ ನೋಟ್ಸ್‌ನಲ್ಲಿ ತಪ್ಪು ಜಾಸ್ತಿ ಎಂದು ನೋಡಿ. ವಯಸ್ಸಾದವರು, ಬೇರೆ ಧಾಟಿಯಲ್ಲಿ ಮಾತಾಡುವವರು, ದುಭಾಷಿ ಮೂಲಕ ಮಾತಾಡುವವರು, ಇವರದ್ದೇ ಜಾಸ್ತಿ ಇದ್ದರೆ ಅವರಿಗೆ ಸದ್ಯ ಬಳಸಬೇಡಿ. ಮಾತು ಸಲೀಸಾಗಿ ಬರುವವರಿಗೆ ಒಳ್ಳೆಯ ದಾಖಲೆ, ಉಳಿದವರಿಗೆ ಕಳಪೆ ದಾಖಲೆ ಎಂದಾಗಬಾರದು.

ಸಹಿಯಾದ ಮೇಲೆ ತಪ್ಪು ಸಿಕ್ಕರೆ ಹಳೆಯದನ್ನು ಸದ್ದಿಲ್ಲದೆ ಅಳಿಸಬೇಡಿ. ತಿದ್ದುಪಡಿ ಎಂದು ದಿನಾಂಕ ಹಾಕಿ ಸೇರಿಸಿ. ಆ ನೋಟ್ಸ್ ಬೇರೆಲ್ಲಿಗೆ ಹೋಗಿದೆ ನೋಡಿ: ರೆಫರಲ್ ಪತ್ರ, ಔಷಧದಂಗಡಿ, ವಿಮೆ. ಅಲ್ಲಿಯೂ ತಿದ್ದಿಸಿ. ಚಿಕಿತ್ಸೆಗೆ ಸಂಬಂಧಿಸಿದ್ದಾದರೆ ರೋಗಿಗೆ ಫೋನ್ ಮಾಡಿ ಹೇಳಿ. ಕಂಪನಿಗೂ ಬರೆಯಿರಿ. "ಸಾಧನ ತಪ್ಪು ಮಾಡಿತು" ಎಂದು ರೋಗಿಗೆ ಹೇಳಬೇಡಿ. ಸಹಿ ನಮ್ಮದು.

ನಿಲ್ಲಿಸುವ ನಿಯಮವನ್ನು ಶುರು ಮಾಡುವ ಮೊದಲೇ ಬರೆದಿಡಿ. ನಮ್ಮದು ಹೀಗಿತ್ತು: ತಪ್ಪು ಔಷಧ ಅಥವಾ ಅಲರ್ಜಿ ಸಹಿ ದಾಟಿ ಹೋದರೆ, ಒಬ್ಬರ ಮಾತು ಇನ್ನೊಬ್ಬರ ದಾಖಲೆಗೆ ಸೇರಿದರೆ, ಮಾಹಿತಿ ಸೋರಿದ ಅನುಮಾನ ಬಂದರೆ, ಅದೇ ದಿನ ಎಲ್ಲರದ್ದೂ ಆಫ್. ಆಮೇಲೆ ಕೂತು ಯೋಚನೆ. ಆಫ್ ಮಾಡಲು ಯಾರ ಅನುಮತಿಯೂ ಬೇಕಿಲ್ಲ, ನರ್ಸ್ ಕೂಡ ಮಾಡಬಹುದು.

10. ಆರು ತಿಂಗಳ ನಂತರ

ಎಲ್ಲ ಸರಿಯಾಗಿ ನಡೆಯುತ್ತಿದೆ ಎನ್ನುವಾಗಲೇ ಒಂದು ಅಪ್‌ಡೇಟ್ ಬರುತ್ತದೆ. ಒಳಗಿನ ಮಾದರಿ ಬದಲಾದರೆ ಹಳೆಯ ತಪ್ಪುಗಳು ಹೋಗಿ ಹೊಸವು ಬರಬಹುದು, ನಿಮ್ಮ ಕಣ್ಣು ಪಳಗಿರುವುದು ಹಳೆಯದಕ್ಕೆ. ಬಚ್ಚಿಟ್ಟ ನಾಟಕದ ಸಂಭಾಷಣೆಗಳನ್ನು ತೆಗೆದು ಮತ್ತೆ ಆಡಿ. ಜತೆಗೆ ಹೊಸ ಸೌಲಭ್ಯವೂ ಬರುತ್ತದೆ: ರೆಫರಲ್ ಪತ್ರ ತಾನೇ ಬರೆಯುತ್ತದೆ, ಲ್ಯಾಬ್ ಪರೀಕ್ಷೆ ತಾನೇ ಸೂಚಿಸುತ್ತದೆ, ಬಿಲ್ಲಿನ ಕೋಡ್ ತಾನೇ ಹಾಕುತ್ತದೆ. ಪ್ರತಿಯೊಂದನ್ನೂ ಹೊಸ ಸಾಧನ ಎಂದೇ ತಿಳಿದು ಎರಡನೇ ಹಂತದಿಂದ ಶುರು ಮಾಡಿ. ತಾನಾಗಿ ಆನ್ ಆಗಿ ಬಂದಿದ್ದರೆ ಮೊದಲು ಆಫ್ ಮಾಡಿ.

ಮೊದಲು ಅಳೆದಿಟ್ಟ ಲೆಕ್ಕವನ್ನು ಈಗ ತೆಗೆಯಿರಿ. ಸಂಜೆಯ ಬಾಕಿ ನೋಟ್ಸ್ ಕಮ್ಮಿ ಆಗಿದೆಯೇ? ತಿದ್ದುವ ಸಮಯ ಸೇರಿಸಿಯೂ ಉಳಿತಾಯ ಇದೆಯೇ? ಒಬ್ಬರಿಗೆ ಇದ್ದು ಇನ್ನೊಬ್ಬರಿಗೆ ಇಲ್ಲದಿರಬಹುದು. ಚುಟುಕಾಗಿ ನೋಟ್ಸ್ ಬರೆಯುವ ನಮ್ಮ ಸಹೋದ್ಯೋಗಿಯೊಬ್ಬರಿಗೆ ಇದರಿಂದ ಕೆಲಸ ಹೆಚ್ಚಾಯಿತು. ಅವರು ಬಿಟ್ಟರು. ಯಾರೂ ಒತ್ತಾಯ ಮಾಡಲಿಲ್ಲ.

ತಿಂಗಳಿಗೆ ಅರ್ಧ ದಿನ ಸಾಧನವಿಲ್ಲದೆ ನೋಟ್ಸ್ ಬರೆಯಿರಿ. ಇಂಟರ್ನೆಟ್ ಹೋಗುವ ದಿನ ಬಂದೇ ಬರುತ್ತದೆ, ಅದೂ ಕಾಯುವ ಕೋಣೆ ತುಂಬಿರುವಾಗ. ಆ ದಿನಕ್ಕಾಗಿ ನನ್ನ ಮೇಜಿನ ಮೇಲಿನ ಡ್ರಾಯರಿನಲ್ಲಿ ಗೆರೆ ಹಾಕಿದ ಒಂದು ಪ್ಯಾಡ್ ಮತ್ತು ಎರಡು ಪೆನ್ ಇವೆ.